ಮೈಕಿನಲ್ಲಿ ಕೂಗಿದ ಮದ್ದು

ಬೀದಿ ನಲ್ಲಿಯ ಕೆಳಗೆ ಕೊಡ ಅರ್ಧ ತುಂಬಿತ್ತು, ಅಷ್ಟರಲ್ಲಿ ಶಾಂತಮಲ್ಲಪ್ಪನಿಗೆ ಸೀನು ಬಂತು. ಅದು ಬಂದು ಹೋಗುವ ಜಾತಿಯ ಸೀನಲ್ಲ. ಮೊದಲು ಮುಖವನ್ನು ಆಕಾಶಕ್ಕೆ ಎತ್ತಿಸಿ, ಬಾಯಿ ತೆರೆಸಿ, ಇನ್ನೇನು ಬಂತು ಎನ್ನುವಾಗ ಹಿಂದೆ ಸರಿದು, ಸುತ್ತ ನಿಂತವರೂ ಉಸಿರು ಬಿಗಿಹಿಡಿದು ಕಾಯುವಂತೆ ಮಾಡಿ, ಆಮೇಲೆ ಕೊಡವನ್ನೇ ಉರುಳಿಸುವ ಸೀನು. ಕೊಡ ಉರುಳಿತು. ನೀರು ಹಿಂದೆ ನಿಂತಿದ್ದ ಪಕ್ಕದ ಮನೆಯ ದೊಡ್ಡಮಾದಮ್ಮನ ಕಾಲು ತೊಳೆಯಿತು.

"ಯಾನಪ್ಪ ಇದು? ನೀರ್ ಹಿಡಿಯಾಕ್ ಬಂದಿಯೋ, ನನ್ನ ಮುಳುಗ್ಸಾಕ್ ಬಂದಿಯೋ?"

"ನೆಗಡಿ ಕಣವ್ವ. ಇವತ್ತೇ ಚಾಮರಾಜನಗರದಲ್ಲಿ ನಡಿಗೆ ಸ್ಪರ್ಧೆ ಬೇರೆ."

"ನಡಿಯಾಕೂ ಸ್ಪರ್ಧೆಯಾ? ಸಿವನೇ! ಇನ್ನ ಕುಂತ್ಕಳಾಕೂ ಒಂದ್ ಮಡಗ್ತಾರೆ ಬುಡು."

"ಅದ್ನ ಮಡಗಿದ್ರೆ ನಮ್ ಆಪೀಸೇ ಮೊದ್ಲು ಬರದು ಕಣವ್ವ," ಎಂದು ಶಾಂತಮಲ್ಲಪ್ಪ ಇನ್ನೊಂದು ಸೀನಿಗೆ ಮುಖವೆತ್ತಿದ.

ಅವನು ಗುಂಡ್ಲುಪೇಟೆಯ ಒಂದು ಸರ್ಕಾರಿ ಕಚೇರಿಯ ಜವಾನ. ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾದ ಮಾರನೆಯ ವರ್ಷ ಅದು. ಜಿಲ್ಲೆ ಹೊಸದಾದ ಮೇಲೆ ನೌಕರರಿಗೆ ಒಂದು ಕ್ರೀಡಾಕೂಟ ಬೇಡವೆ? ಪ್ರತಿ ಕಚೇರಿಯೂ ಒಂದು ಹೆಸರು ಕಳಿಸಬೇಕೆಂದು ಆಜ್ಞೆ ಬಂತು. ಸಾಹೇಬರು ಯಾರ ಹೆಸರು ಬರೆಯಲಿ ಎಂದು ತಲೆಯೆತ್ತಿದಾಗ ಎದುರಿಗೆ ಕಾಫಿ ಹಿಡಿದು ನಿಂತಿದ್ದವನು ಶಾಂತಮಲ್ಲಪ್ಪ. ಹೀಗೆ ಅವನು ಕ್ರೀಡಾಪಟುವಾದ.

ಮನೆಗೆ ಬಂದರೆ ಹೆಂಡತಿ ಶಿವಲಕ್ಷ್ಮಿ ದೊಡ್ಡ ಚೊಂಬಿನ ತುಂಬ ಕಷಾಯ ಕಾಯಿಸಿಟ್ಟಿದ್ದಳು. ಮೆಣಸು, ಶುಂಠಿ, ದೊಡ್ಡಪತ್ರೆ, ಬೆಲ್ಲ. ಶಿವಲಕ್ಷ್ಮಿ ಉಡಿಗಾಲ ಎಂಬ ಹಳ್ಳಿಯ ಮಗಳು. ಬೀದಿಯ ಕೊನೆಯ ಅಂಗನವಾಡಿಯಲ್ಲಿ ಸಹಾಯಕಿ. ಅವಳು ಕೆದಕಿದ ಗೋಧಿ ಉಪ್ಪಿಟ್ಟಿಗೆ ಮಕ್ಕಳು ತಟ್ಟೆ ಬಡಿಯುತ್ತಿದ್ದವು. ಮಕ್ಕಳನ್ನು ಬಿಡಲು ಬಂದ ತಾಯಂದಿರೂ ರುಚಿ ನೋಡುವ ನೆಪದಲ್ಲಿ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳದೆ ಹೋಗುತ್ತಿರಲಿಲ್ಲ.

"ಪೂರ್ತಿ ಕುಡೀರಿ. ಸತ್ವ ಎಲ್ಲ ತಳದಲ್ಲೇ ಇರದು," ಎಂದಳು.

"ಚೊಂಬು ತುಂಬ ಅದಲ್ಲಮ್ಮಿ!"

"ಮೂಗೂ ತುಂಬ ಅದೆ. ಕುಡೀರಿ."

ಕುಡಿದ. ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ಬಸ್ಸು ಹತ್ತಿದ. ಮುಂದೆ ನಡೆದದ್ದಕ್ಕೆಲ್ಲ ಆ ಚೊಂಬೇ ಕಾರಣವೆಂದು ಕ್ರೀಡಾಕೂಟದ ಸಮಿತಿಯವರು ಬರೆದುಕೊಂಡಿದ್ದಾರೆ. ಅದು ಸುಳ್ಳೂ ಅಲ್ಲ.

ಕ್ರೀಡಾಕೂಟ ನಡೆಸುವುದು ಜಿಲ್ಲಾ ನೌಕರರ ಮೈತ್ರಿ ಕ್ರೀಡಾ ಸಮಿತಿ. ಅದರ ಕಾರ್ಯದರ್ಶಿ ಮಲ್ಲಿಕಾರ್ಜುನಸ್ವಾಮಿಯವರು. ಅವರು ಹಿಂದಿನ ವರ್ಷ ಬೆಂಗಳೂರಿಗೆ ಹೋಗಿ ಯಾವುದೋ ದೊಡ್ಡ ಕ್ರೀಡಾಕೂಟವನ್ನು ಗ್ಯಾಲರಿಯಲ್ಲಿ ಕೂತು ನೋಡಿ ಬಂದಿದ್ದರು. ಬರುವಾಗ ಒಂದು ಬಿಳಿ ಟೋಪಿ, ಒಂದು ಸೀಟಿ, ಒಂದು ಮಾತು ತಂದಿದ್ದರು. ಟೋಪಿ ತಲೆಯಲ್ಲಿತ್ತು, ಸೀಟಿ ಕೊರಳಲ್ಲಿತ್ತು, ಮಾತನ್ನು ಈಗ ಮೈಕಿಗೆ ಬಿಟ್ಟರು.

"ಮಾನ್ಯರೇ! ಲೋಕದಲ್ಲಿ ಎಲ್ಲ ಕಡೆ ಉದ್ದೀಪನ ಮದ್ದಿನ ಪಿಡುಗು ಹಬ್ಬಿದೆ. ನಮ್ಮ ಜಿಲ್ಲೆ ಹೊಸ ಜಿಲ್ಲೆ. ಹೊಸದರಲ್ಲೇ ಇದನ್ನು ಚಿವುಟಬೇಕು. ಆದ್ದರಿಂದ ನಿಯಮ ಏನಪ್ಪಾ ಅಂದರೆ, ಮೈಯಲ್ಲಿ ಮದ್ದಿದ್ದರೆ ಮೈಯ ಒಡೆಯನೇ ಹೊಣೆ! ಯಾರು ಕೊಟ್ಟರು, ಯಾಕೆ ಕೊಟ್ಟರು, ತಿಳಿದು ತಿಂದನೋ ತಿಳಿಯದೆ ತಿಂದನೋ ಎಂಬುದು ವಿಚಾರಾರ್ಹವಲ್ಲ! ಪರೀಕ್ಷೆಗೆ ಮೂತ್ರ ಕೊಡದವನೂ ತಪ್ಪಿತಸ್ಥನೇ!"

ಬಯಲಿನಲ್ಲಿ ನಿಂತವರಿಗೆ 'ಉದ್ದೀಪನ' ಗಾಳಿಗೆ ಹೋಯಿತು. 'ಮದ್ದು' ಮಾತ್ರ ಕಿವಿಗೆ ಬಿತ್ತು. ಒಂದು ಮೇಜಿನ ಮೇಲೆ ಖಾಲಿ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದರು. ಅದರಲ್ಲಿ ಹಿಡಿದದ್ದನ್ನು ಯಾವ ಪ್ರಯೋಗಾಲಯಕ್ಕೆ ಕಳಿಸುತ್ತಾರೆ ಎಂದು ಒಬ್ಬರು ಕೇಳಿದರು. "ಅದಕ್ಕೊಂದು ಉಪಸಮಿತಿ ಆಗುತ್ತೆ," ಎಂದರು ಮಲ್ಲಿಕಾರ್ಜುನಸ್ವಾಮಿ.

ಐದು ಕಿಲೋಮೀಟರ್ ನಡಿಗೆ ಶುರುವಾಯಿತು. ಶಾಂತಮಲ್ಲಪ್ಪ ಎಲ್ಲರಿಗಿಂತ ಹಿಂದೆ, ಕಡತ ಹಿಡಿದು ಖಜಾನೆಗೆ ಹೋಗುವ ಹೆಜ್ಜೆಯಲ್ಲಿ ಹೊರಟ. ಊರಾಚೆ ತಿರುಗುವ ಗುರುತಿನ ಕಂಬ ಮುಟ್ಟುವ ಹೊತ್ತಿಗೆ ಕಷಾಯ ತನ್ನ ಕೆಲಸ ಶುರು ಮಾಡಿತು. ಅವನು ಅತ್ತ ನೋಡಿದ, ಇತ್ತ ನೋಡಿದ. ರಸ್ತೆಯ ಎರಡೂ ಕಡೆ ಶಾಲೆಯ ಹೆಣ್ಣುಮಕ್ಕಳು ಚಪ್ಪಾಳೆ ತಟ್ಟುತ್ತ ನಿಂತಿದ್ದರು. ಒಂದು ಮರದ ಕಡೆಗೆ ಸರಿದ. ಅಲ್ಲಿ ಮೇಡಂ ಒಬ್ಬರು ಛತ್ರಿ ಹಿಡಿದು ನಿಂತು "ಕಮಾನ್ ಕಮಾನ್" ಎಂದರು. ಒಂದು ಬೇಲಿಯ ಕಡೆಗೆ ನೋಡಿದ; ಬೇಲಿಯ ಹಿಂದಿನಿಂದ ಸ್ವಯಂಸೇವಕರು ನೀರಿನ ಲೋಟ ಹಿಡಿದು ಬಂದರು. ನೀರು! ಶಾಂತಮಲ್ಲಪ್ಪ ಹುಲಿ ಕಂಡವನಂತೆ ಲೋಟದಿಂದ ದೂರ ಹಾರಿದ. ಇನ್ನು ಉಳಿದ ದಾರಿ ಒಂದೇ, ಬಯಲಿನ ಮೂಲೆಯ ಪಾಯಿಖಾನೆ.

ಆಮೇಲೆ ಅವನು ನಡೆದ ನಡಿಗೆಯನ್ನು ಚಾಮರಾಜನಗರ ಅದಕ್ಕೆ ಮುಂಚೆ ಕಂಡಿರಲಿಲ್ಲ. ಮೊಣಕಾಲು ಜೋಡಿಸಿಕೊಂಡು, ಹಲ್ಲು ಕಚ್ಚಿಕೊಂಡು, ಸರ್ವೆ ಇಲಾಖೆಯವರನ್ನು ಹಿಂದೆ ಹಾಕಿದ, ಪಶುವೈದ್ಯರನ್ನು ಹಿಂದೆ ಹಾಕಿದ, ದಿನಾ ಬೆಳಿಗ್ಗೆ ವ್ಯಾಯಾಮ ಮಾಡುವ ದೈಹಿಕ ಶಿಕ್ಷಕರನ್ನೂ ಹಿಂದೆ ಹಾಕಿದ. ದಾರ ಹರಿದ. ಜನ ಹೋ ಎಂದರು. ಹಾರ ಹಿಡಿದವರು ಮುಂದೆ ಬಂದರು. ಶಾಂತಮಲ್ಲಪ್ಪ ನಿಲ್ಲಲಿಲ್ಲ. ಹಾರದ ಕೆಳಗೆ ತೂರಿ, ವೇದಿಕೆ ಬಳಸಿ, ಮೂಲೆಯ ಬಾಗಿಲು ಹೊಕ್ಕು ಅಗಳಿ ಹಾಕಿಕೊಂಡ.

"ಹಿಡೀರಿ! ಪರೀಕ್ಷೆಗೆ ಹೆದರಿ ಓಡ್ತಿದಾನೆ!" ಎಂದು ಮಲ್ಲಿಕಾರ್ಜುನಸ್ವಾಮಿಯವರು ಸೀಟಿ ಊದುತ್ತ ಬಾಟಲಿ ಹಿಡಿದು ಬೆನ್ನು ಹತ್ತಿದರು. ಬಾಗಿಲ ಹೊರಗೆ ನಿಂತು ಬಡಿದರು.

"ಹೊರಗೆ ಬಾರಯ್ಯ! ಮಾದರಿ ಬೇಕು!"

ಒಳಗಿನಿಂದ ಬಂದ ಸದ್ದು ಕೇಳಿದರೆ ಮಾದರಿ ಧಾರಾಳವಾಗಿ ಹರಿದು ಹೋಗುತ್ತಿತ್ತು.

ಹೊರಬಂದವನ ಮುಖದಲ್ಲಿ ಗೆಲುವಿನ ಕಳೆಗಿಂತ ದೊಡ್ಡ ಕಳೆ ಇತ್ತು. ಕಾರ್ಯದರ್ಶಿಗಳು ಬಾಟಲಿ ಮುಂದೆ ಹಿಡಿದರು.

"ಇದಕ್ಕೆ?"

"ಇನ್ನೇನೂ ಇಲ್ಲ ಸಾರ್. ಎಲ್ಲಾ ಖಾಲಿ."

"ನಿಜ ಹೇಳು. ಮದ್ದು ತಗೊಂಡಿದೀಯಾ?"

ಉಳಿದ ಸ್ಪರ್ಧಿಗಳಿಗೂ ಇದೇ ಪ್ರಶ್ನೆ ಕೇಳಿದ್ದರು. ಹಗ್ಗಜಗ್ಗಾಟದ ತಂಡ ಬೆಳಿಗ್ಗೆ ಗೇಟಿನಾಚೆ ಹೋಗಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದದ್ದು ಇಡೀ ಬಯಲಿಗೆ ಗೊತ್ತು. ಅವರು ಒಟ್ಟಾಗಿ "ಇಲ್ಲ" ಎಂದಿದ್ದರು. ಇಲ್ಲ ಎಂದು ಬರೆದುಕೊಂಡು ಬಹುಮಾನವನ್ನೂ ಕೊಟ್ಟಾಗಿತ್ತು. ನಮ್ಮ ಶಾಂತಮಲ್ಲಪ್ಪನಿಗೆ ಅಷ್ಟು ಉಪಾಯ ಎಲ್ಲಿಯದು?

"ಹೂಂ ಸಾರ್. ಬೆಳಗ್ಗೆ ಒಂದು ಚೊಂಬು. ನಮ್ಮನೆಯವ್ಳು ಕೊಟ್ಲು. ಅದ್ರಿಂದ್ಲೇ ಸಾರ್ ನಾನು ಹಿಂಗೆ ಬಿರ್ರನೆ ಬಂದದ್ದು!"

ಮಲ್ಲಿಕಾರ್ಜುನಸ್ವಾಮಿಯವರ ಕಣ್ಣಲ್ಲಿ ನೀರು ಬಂತು. ಜಿಲ್ಲೆ ಹುಟ್ಟಿ ಇನ್ನೂ ಹನ್ನೆರಡು ತಿಂಗಳು ತುಂಬಿಲ್ಲ, ಅಷ್ಟರಲ್ಲೇ ಅವರಿಗೆ ಒಬ್ಬ ಮದ್ದಿನ ಅಪರಾಧಿ ಸಿಕ್ಕಿದ್ದ. ನೇರ ಮೈಕಿಗೆ ಹೋದರು.

"ಗುಂಡ್ಲುಪೇಟೆಯ ಶಾಂತಮಲ್ಲಪ್ಪ ಅನರ್ಹ! ಇವರಿಗೆ ಇವರ ಧರ್ಮಪತ್ನಿ ಶಿವಲಕ್ಷ್ಮಿ ಎಂಬುವರು ಮದ್ದು ಕೊಟ್ಟಿರುವುದಾಗಿ ಇವರೇ ಒಪ್ಪಿಕೊಂಡಿರುತ್ತಾರೆ!"

ಸ್ಪರ್ಧೆಗೆ ಸೇರುವ ಅರ್ಜಿಯಲ್ಲಿದ್ದ 'ಪತ್ನಿಯ ಹೆಸರು' ಎಂಬ ಸಾಲು ಇಂಥ ಉಪಯೋಗಕ್ಕೆ ಬರುತ್ತದೆಂದು ತುಂಬಿದವನಿಗೆ ಗೊತ್ತಿರಲಿಲ್ಲ.

ಮದ್ದು ಎಂದರೆ ಔಷಧಿ, ನಿಜ. ಆದರೆ ನಮ್ಮ ಸೀಮೆಯಲ್ಲಿ ಒಬ್ಬಳು ಗಂಡನಿಗೆ ಮದ್ದು ಕೊಟ್ಟಳು ಎಂದರೆ ಯಾರಿಗೂ ಔಷಧಿ ನೆನಪಾಗುವುದಿಲ್ಲ. ಅನ್ನದಲ್ಲೋ ಹಾಲಿನಲ್ಲೋ ಏನನ್ನೋ ಬೆರೆಸಿ ಇಕ್ಕಿದಳು, ಇನ್ನು ಅವನು ಸೊರಗುತ್ತಾನೆ, ಇಲ್ಲವೇ ಅವಳ ಸೆರಗು ಹಿಡಿದು ತಿರುಗುತ್ತಾನೆ ಎಂದೇ ಅರ್ಥ. ಒಂದು ಸಲ ಒಬ್ಬ ಹೆಂಗಸಿಗೆ ಆ ಹೆಸರು ಅಂಟಿದರೆ ಅವಳ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ.

ಸುದ್ದಿ ಶಾಂತಮಲ್ಲಪ್ಪನಿಗಿಂತ ಮೊದಲು ಬಸ್ಸು ಹತ್ತಿತು. ತೆರಕಣಾಂಬಿಯಲ್ಲಿ ಹತ್ತಿದವಳೊಬ್ಬಳು ಅವನ ಪಕ್ಕದಲ್ಲೇ ಕೂತು, ಅವನಿಗೇ ಹೇಳಿದಳು: "ಕೇಳಿದ್ರಾ? ಗುಂಡ್ಲುಪೇಟೆಲಿ ಒಬ್ಳು ಗಂಡಂಗೆ ಮದ್ದಿಕ್ಬುಟ್ಟವ್ಳಂತೆ. ಪಾಪ, ಆ ಮುಂಡೇದು ನಿಂತ್ಕಳಾಕೇ ಆಗ್ದೆ ಊರೆಲ್ಲಾ ಓಡ್ತಂತೆ." ಶಾಂತಮಲ್ಲಪ್ಪ "ಅಯ್ಯೋ ಪಾಪ" ಎಂದ. ಇಳಿಯುವಾಗಲೇ ಅವನಿಗೆ ಹೊಳೆದದ್ದು, ಆ ಮುಂಡೇದು ತಾನೇ ಎಂದು.

ಮನೆಯ ಮುಂದೆ ಬೀದಿಯೇ ನೆರೆದಿತ್ತು. ಬೇಗೂರಿನಿಂದ ಅವನ ಅಕ್ಕ ಮರಿತಾಯಮ್ಮ ಆಗಲೇ ಬಂದು ಜಗಲಿಯ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು.

"ಬಂದ್ಯಾ ನನ್ನಪ್ಪಾ! ನಾಲ್ಗೆ ಚಾಚ್ಲಾ! ಕಣ್ಣು ತೋರ್ಸ್ಲಾ! ನೋಡ್ರವ್ವಾ, ಕಣ್ಣು ಕೆಂಪಗವೆ!"

"ನೆಗಡಿ ಕಣಕ್ಕಾ."

"ನೆಗಡಿ ಅಂತ ಅನ್ನಿಸ್ತದೆ ಕಣ್ಲಾ, ಮದ್ದಿಕ್ಕಿದ್ರೆ ಹಂಗೇ ಅನ್ನಿಸದು!"

ದೊಡ್ಡಮಾದಮ್ಮ ಸಾಕ್ಷಿ ನುಡಿದಳು. "ನಾನೇ ಕಂಡಿವ್ನಿ. ಚೊಂಬು ತುಂಬ ಕೊಟ್ಲು. ತಳದ್ದೂ ಕುಡಿ ಅಂದ್ಲು. ತಳದ್ದು ಯಾಕಪ್ಪ ಅಂತ ನಂಗ್ ಆಗ್ಲೇ ಅನ್ನಿಸ್ತು."

ಶಿವಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು. ಅವಳು ಅಳಲಿಲ್ಲ. ಗಂಡನನ್ನೇ ನೋಡಿದಳು.

"ನೀವು ಏನಂದ್ರಿ ಅಲ್ಲಿ?"

"ನಿಜಾನೇ ಅಂದೆ ಕಣಮ್ಮಿ."

"ನಿಜ ಹೇಳಾಕೆ ನನ್ನ ಹೆಸರೇ ಬೇಕಾಗಿತ್ತಾ?"

ಶಾಂತಮಲ್ಲಪ್ಪ ಬಾಯಿ ತೆರೆದ. ಸೀನು ಮಾತ್ರ ಬಂತು. "ನೋಡುದ್ರಾ ನೋಡುದ್ರಾ," ಎಂದಳು ಮರಿತಾಯಮ್ಮ, "ಅವ್ಳು ನೋಡಿದ್ ತಕ್ಷಣ ಮೈ ಅದುರ್ತು!"

ಮಾರನೆಯ ದಿನ ಮರಿತಾಯಮ್ಮ ಕಾಡಂಚಿನ ಮದ್ದೂರಿನಿಂದ ಮದ್ದು ತೆಗೆಯುವ ಚಿಕ್ಕಮಲ್ಲಪ್ಪನನ್ನು ಕರೆಸಿದಳು. ಆ ಊರಿನ ಹೆಸರಲ್ಲೇ ಮದ್ದಿರುವಾಗ ಬೇರೆ ಕಡೆ ಹುಡುಕುವುದೇಕೆ ಎಂಬುದು ಅವಳ ಲೆಕ್ಕ. ಚಿಕ್ಕಮಲ್ಲಪ್ಪ ಯಾವುದೋ ಸೊಪ್ಪಿನ ರಸ ಕುಡಿಸಿ, ಬೋಸಿ ಮುಂದಿಟ್ಟು, ಶಾಂತಮಲ್ಲಪ್ಪನ ಬೆನ್ನಿಗೆ ಗುದ್ದಿದ. ಬೋಸಿಗೆ ಬಿದ್ದದ್ದನ್ನು ಕಡ್ಡಿಯಿಂದ ಕೆದಕಿ ಬೀದಿಗೆಲ್ಲ ತೋರಿಸಿದ.

"ಕಾಣಿ! ಕರ್‍ರಗೆ ಬಿತ್ತು! ಇದೇಯ ಮದ್ದು!"

"ಅದು ಸಾರಿನ ಮೆಣಸು ಕಣಯ್ಯೋ," ಎಂದ ಶಾಂತಮಲ್ಲಪ್ಪ ಬೋಸಿಯ ಮೇಲಿಂದ ತಲೆಯೆತ್ತಿ.

"ಮದ್ದು ಉಂಡೋರ್ಗೆ ಹಂಗೇ ಕಾಣದು," ಎಂದ ಚಿಕ್ಕಮಲ್ಲಪ್ಪ, ಮರುಕದಿಂದ.

ಹೀಗೆ ಅವನು ಹೂಂ ಎಂದರೂ ಮದ್ದು, ಊಹೂಂ ಎಂದರೂ ಮದ್ದು.

ಇಷ್ಟರಲ್ಲೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಅಂಗನವಾಡಿಯಲ್ಲಿ ಮಕ್ಕಳು ತಟ್ಟೆ ಬಡಿಯುವುದು ನಿಂತುಹೋಯಿತು. ತಾಯಂದಿರು ಬಂದು, "ನಮ್ ಮಗೀಗ್ ಮೈ ಉಸಾರಿಲ್ಲ," ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಬಾಯಿಗೆ ಒಂದು ಹಿಡಿ ಹಾಕಿಕೊಳ್ಳುತ್ತಿದ್ದವರೇ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಶಿವಲಕ್ಷ್ಮಿ ಉಪ್ಪಿಟ್ಟು ಕೆದಕಿ, ಬಡಿಸಲು ಯಾರೂ ಇಲ್ಲದೆ, ಪಾತ್ರೆಯ ಮುಂದೆ ಕೂತಿದ್ದಳು. ಮೇಲಿನವರು ಬಂದು ನೋಡಿ, ಹೀಗೇ ಆದರೆ ಸಹಾಯಕಿಯನ್ನು ಬದಲಿಸಬೇಕಾಗುತ್ತೆ ಎಂದು ಹೋದರು.

ಅವತ್ತು ಅವಳು ಮನೆಗೆ ಬಂದು ಗಂಡನ ತಟ್ಟೆಯನ್ನು ಅಂಗಳದಲ್ಲಿಟ್ಟಳು. ಹಿಟ್ಟು, ಉಪ್ಪು, ಪಾತ್ರೆ ಎಲ್ಲವನ್ನೂ ಪಕ್ಕದಲ್ಲಿಟ್ಟಳು.

"ತೊಳಸ್ಕಂಡು ಉಣ್ಣಿ. ನನ್ನ ಕೈಯಿಂದ ನಿಮಗೆ ಒಂದು ತೊಟ್ಟು ನೀರೂ ಇಲ್ಲ. ಮೈಕಲ್ಲಿ ಕೂಗಿದ್ದು ಮೈಕಲ್ಲೇ ವಾಪಸ್ ಬರೋಗಂಟ."

ಶಾಂತಮಲ್ಲಪ್ಪ ಮುದ್ದೆ ತೊಳಸಿದ. ಅದು ಮುದ್ದೆಯೂ ಆಗಲಿಲ್ಲ, ಗಂಜಿಯೂ ಆಗಲಿಲ್ಲ. ದೊಡ್ಡಮಾದಮ್ಮನ ನಾಯಿಗೆ ಹಾಕಿದ. ಅದು ಮೂಸಿ ನೋಡಿ, ಅವನನ್ನೂ ಮೂಸಿ ನೋಡಿ, ಹೊರಟುಹೋಯಿತು. ಮದ್ದಿನ ವಿಷಯ ಅದಕ್ಕೂ ಗೊತ್ತಾಗಿದೆ ಎಂದಳು ದೊಡ್ಡಮಾದಮ್ಮ.

ಇತ್ತ ಸಮಿತಿಯಿಂದ ನೋಟೀಸು ಬಂದಿತ್ತು. ನಿಮ್ಮ ಮೇಲೆ ಜೀವಮಾನದ ನಿಷೇಧ ಯಾಕೆ ಹೇರಬಾರದು, ಲಿಖಿತ ಸಮಜಾಯಿಷಿ ಕಳಿಸಿ ಎಂದು. ಶಾಂತಮಲ್ಲಪ್ಪನಿಗೆ ಜೀವಮಾನವೆಲ್ಲ ಸ್ಪರ್ಧೆಗೆ ನಡೆಯಬೇಡ ಎಂದರೆ ಸಂತೋಷವೇ. ಆದರೆ ಉತ್ತರ ಬರೆಯಬೇಕಲ್ಲ. ಬೀದಿಯ ನಿವೃತ್ತ ಮೇಷ್ಟರು ಗುರುಪಾದಸ್ವಾಮಿಯವರು ಕನ್ನಡಕ ಏರಿಸಿ ಕೂತರು.

"ನಾನು ಏನೂ ಕುಡಿದಿಲ್ಲ, ಬಾಯಿ ತಪ್ಪಿ ಅಂದೆ ಅಂತ ಬರಿ. ಇಲ್ಲ ಅಂದವರನ್ನೆಲ್ಲ ಬಿಟ್ಟಿದ್ದಾರಲ್ಲ."

"ಕುಡ್ದಿವ್ನಲ್ಲ ಮೇಷ್ಟ್ರೇ?"

"ಅದು ಬೇರೆ ವಿಷಯ ಕಣಯ್ಯ."

ಮರಿತಾಯಮ್ಮ ಅಡ್ಡ ಬಂದಳು. "ನಂಗ್ ತಿಳೀದಂಗೆ ಹೆಂಡ್ರು ಇಕ್ಬುಟ್ಲು ಅಂತ ಬರ್ಸಿ ಮೇಷ್ಟ್ರೇ! ಇಕ್ಕಿದೋಳ್ನ ಬುಟ್ಟು ಉಂಡೋನ್ನ ಹಿಡಿಯದು ಯಾವೂರ್ ನ್ಯಾಯ?"

ಕಚೇರಿಯ ಸಾಹೇಬರು ಇನ್ನೂ ಸುಲಭದ ದಾರಿ ಹೇಳಿದರು: "ತಪ್ಪಾಯ್ತು ಅಂತ ಒಂದು ಸಾಲು ಬರೆದು ಕೈ ತೊಳಕೋ."

ಹೀಗೆ ಮೂರು ಬಗೆಯ ಕಾಗದಗಳು ತಯಾರಾದವು, ಮೂರೂ ಗೂಡಿನಲ್ಲಿ ಕೂತವು. ಒಂದು ಸುಳ್ಳು, ಒಂದು ಚಾಡಿ, ಒಂದು ಕ್ಷಮಾಪಣೆ. ಯಾವುದನ್ನು ಕಳಿಸಿದರೂ ಶಿವಲಕ್ಷ್ಮಿಯ ಹೆಸರು ಇದ್ದಲ್ಲೇ ಇರುತ್ತಿತ್ತು. ಅವನು ದಿನಾ ಒಂದನ್ನು ಜೇಬಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಅಂಚೆ ಡಬ್ಬಿಯವರೆಗೆ ಹೋಗಿ, ಡಬ್ಬಿಗೆ ಒಂದು ನಮಸ್ಕಾರ ಹಾಕಿ ವಾಪಸ್ ಬರುತ್ತಿದ್ದ. ಗಡುವು ಕಳೆಯಿತು. ಜ್ಞಾಪಕ ಪತ್ರ ಬಂತು. ಮಳೆಗಾಲ ಮುಗಿದು ಅವರೆಕಾಯಿ ಬಂತು. ಅಂಗನವಾಡಿಗೆ ಹೊಸ ಸಹಾಯಕಿಯನ್ನು ನೋಡುತ್ತಿದ್ದಾರೆ ಎಂಬ ಮಾತೂ ಬಂತು.

ಆ ಮಾತು ಕಿವಿಗೆ ಬಿದ್ದ ದಿನ ಶಾಂತಮಲ್ಲಪ್ಪ ರಜೆ ಹಾಕಿ ಚಾಮರಾಜನಗರಕ್ಕೆ ಹೋದ. ಮಲ್ಲಿಕಾರ್ಜುನಸ್ವಾಮಿಯವರು ಮೇಜಿನ ಹಿಂದೆ ಕೂತಿದ್ದರು. ಸೀಟಿ ಈಗಲೂ ಕೊರಳಲ್ಲೇ ಇತ್ತು.

"ಸಾರ್, ಅದು ಬರೀ ನೆಗಡಿ ಕಷಾಯ."

"ಕಷಾಯವೋ ಅಮೃತವೋ, ನೀನೇ ಅಂದಿದೀಯ, ಅದರಿಂದಲೇ ಬಿರ್ರನೆ ಬಂದೆ ಅಂತ."

"ಉಚ್ಚೆ ಬಂದಿತ್ತು ಸಾರ್."

"ಉದ್ದೀಪನ ಯಾವ ರೂಪದಲ್ಲಾದರೂ ಬರಬಹುದು."

"ಹಗ್ಗ ಎಳ್ದೋರ್ನ ಬುಟ್ರಲ್ಲ ಸಾರ್? ಅವ್ರು ಬಾಟ್ಲಿನೇ ಇಳ್ಸಿದ್ರು."

"ಅವರು ಇಲ್ಲ ಅಂದರು. ದಾಖಲಾಗಿದೆ. ನೀನು ಹೂಂ ಅಂದೆ. ಅದೂ ದಾಖಲಾಗಿದೆ. ನಿಯಮ ಎಲ್ಲರಿಗೂ ಒಂದೇ."

ಶಾಂತಮಲ್ಲಪ್ಪ ಕೈ ಮುಗಿದ. "ಆಯ್ತು ಸಾರ್, ನಂಗ್ ಯಾನಾದ್ರೂ ಮಾಡಿ. ಆದ್ರೆ ಕೊಟ್ಟೋಳು ಒಳ್ಳೇದ್ಕೇ ಕೊಟ್ಟವ್ಳೆ. ಅವ್ಳ ತಪ್ಪಿಲ್ಲ ಅಂತ ಅಷ್ಟ್ ಬರ್ಕೊಳಿ."

ಕಾರ್ಯದರ್ಶಿಗಳಿಗೆ ರೇಗಿತು. ಮೇಜು ಗುದ್ದಿದರು. "ಎಷ್ಟು ಸಲ ಹೇಳಬೇಕಯ್ಯ? ಯಾರು ಕೊಟ್ಟರು ಅನ್ನೋದು ವಿಚಾರಾರ್ಹವಲ್ಲ! ನಿನ್ನ ಹೆಂಡತಿ ಈ ಪ್ರಕರಣದಲ್ಲಿ ಲೆಕ್ಕಕ್ಕೇ ಇಲ್ಲ! ನಿಯಮದ ಪ್ರಕಾರ ಅವಳು ಇಲ್ಲವೇ ಇಲ್ಲ!"

ಶಾಂತಮಲ್ಲಪ್ಪನ ತಲೆ ನಿಧಾನವಾಗಿ ಬಿಸಿಯಾಗುವ ತಲೆ. ಆದರೆ ಒಮ್ಮೆ ಬಿಸಿಯಾದರೆ ಬೇಗ ಆರುವುದಿಲ್ಲ. ಅವನು ಮುಗಿದ ಕೈ ಇಳಿಸಿದ.

"ಇಲ್ವೇ ಇಲ್ವಾ ಸಾರ್?"

"ಇಲ್ಲವೇ ಇಲ್ಲ!"

"ಇಲ್ದೇ ಇರೋಳ ಹೆಸ್ರು ಮೈಕಲ್ಲಿ ಯಾಕ್ ಕೂಗುದ್ರಿ?"

ಸೀಟಿ ಒಂದು ಸಲ ಅತ್ತ, ಒಂದು ಸಲ ಇತ್ತ ತೂಗಿತು. "ಅದು... ಅದು ಸಭೆಯ ಮಾಹಿತಿಗೆ..."

"ಯಾವ ನಿಯಮ್ದಲ್ಲಿ ಸಾರ್?"

"ಏನಿದ್ದರೂ ಲಿಖಿತವಾಗಿ ಕಳಿಸು!" ಎಂದು ಮಲ್ಲಿಕಾರ್ಜುನಸ್ವಾಮಿಯವರು ಕಡತದೊಳಗೆ ತಲೆ ಹುದುಗಿಸಿದರು. ಅವರು ಅಷ್ಟು ಶ್ರದ್ಧೆಯಿಂದ ಕಡತ ಓದಿದ್ದನ್ನು ಆ ಕಚೇರಿಯವರು ಅದೇ ಮೊದಲು ಕಂಡದ್ದು.

ಶಾಂತಮಲ್ಲಪ್ಪ ಮನೆಗೆ ಬಂದು ಹಳೆಯ ಮೂರೂ ಕಾಗದಗಳನ್ನು ಒಲೆಗೆ ಹಾಕಿದ. ಹೊಸ ಹಾಳೆ ತಂದು ತಾನೇ ಬರೆಯಲು ಕೂತ. ಶಿವಲಕ್ಷ್ಮಿ ಅವರೆಕಾಯಿ ಸುಲಿಯುತ್ತ ದೂರದಿಂದಲೇ ಕೇಳಿದಳು.

"ಕ್ಷಮಿಸಿ ಅಂತ ಎಲ್ಲಾದ್ರೂ ಬರ್ದಿದೀರಾ?"

"ಇಲ್ಲ ಕಣಮ್ಮಿ."

"ತಮ್ಮ ವಿಧೇಯ ಅಂತ?"

"ಕಡೇಲಿ ಬರೀಬೇಕಲ್ಲ?"

"ಹೊಡೆದಾಕಿ ಅದ್ನ. ಹೆಸರು ಸಾಕು."

ಹೊಡೆದುಹಾಕಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಓದಿದ.

"ಕಾರ್ಯದರ್ಶಿಗಳಿಗೆ. ನಾನು ಕಷಾಯ ಕುಡಿದದ್ದು ನಿಜ. ನೆಗಡಿ ಬಂದರೆ ನಾಳೆಯೂ ಕುಡಿಯುತ್ತೇನೆ. ಮೈಯಲ್ಲಿ ಇದ್ದದ್ದಕ್ಕೆ ಮೈಯ ಒಡೆಯನೇ ಹೊಣೆ ಎಂದು ನೀವು ಹೇಳಿದಿರಿ, ಒಪ್ಪಿದೆ. ಹಾಗಾದರೆ ಆ ಮೈಯಲ್ಲಿದ್ದ ಕಾಲುಗಳಿಗೂ ನಾನೇ ಹೊಣೆ. ಮೊದಲು ಬಂದದ್ದು ಆ ಕಾಲುಗಳು. ಸುಳ್ಳು ಹೇಳಿದವರಿಗೆ ಬಹುಮಾನ, ನಿಜ ಹೇಳಿದವನಿಗೆ ನಿಷೇಧ ಎನ್ನುವುದು ನಿಮ್ಮ ನಿಯಮವಾದರೆ ನಿಮ್ಮ ಪದಕ ನಿಮ್ಮಲ್ಲೇ ಇರಲಿ, ನನಗೆ ಬೇಡ. ಆದರೆ ಕೊಟ್ಟವರು ಯಾರೆಂಬುದು ವಿಚಾರಾರ್ಹವಲ್ಲ ಎಂಬುದೂ ನಿಮ್ಮದೇ ನಿಯಮ. ನನ್ನ ಹೆಂಡತಿಯ ಹೆಸರನ್ನು ಮೈಕಿನಲ್ಲಿ ಕೂಗಿ ನಿಯಮ ಮುರಿದವರು ನೀವು. ಆದ್ದರಿಂದ ಗುಂಡ್ಲುಪೇಟೆಗೆ ಮೈಕು ತಂದು, ನಮ್ಮ ಬೀದಿಯ ಅಂಗನವಾಡಿ ಮುಂದೆ ನಿಂತು, ಶಿವಲಕ್ಷ್ಮಿ ಯಾರಿಗೂ ಯಾವ ಮದ್ದೂ ಇಕ್ಕಿದವಳಲ್ಲ ಎಂದು ಅದೇ ಗಂಟಲಲ್ಲಿ ಕೂಗತಕ್ಕದ್ದು. ತಪ್ಪಿದರೆ ನಿಮ್ಮ ಮೇಲೆ ನಿಷೇಧ ಯಾಕೆ ಹೇರಬಾರದು, ಲಿಖಿತವಾಗಿ ತಿಳಿಸಿ. ಶಾಂತಮಲ್ಲಪ್ಪ."

ಶಿವಲಕ್ಷ್ಮಿ ಅವರೆಕಾಯಿ ಬಿಟ್ಟು ಎದ್ದು ಬಂದಳು. ಹಾಳೆ ಕೈಗೆ ತೆಗೆದುಕೊಂಡು, ಗಂಡನ ಹೆಸರಿನ ಪಕ್ಕದಲ್ಲಿ ತನ್ನ ಹೆಸರನ್ನು ದೊಡ್ಡದಾಗಿ ಬರೆದಳು. "ಇಲ್ದೇ ಇರೋಳು ರುಜು ಹಾಕವ್ಳೆ ಅಂತ ಗೊತ್ತಾಗ್ಲಿ," ಎಂದಳು.

ಇಬ್ಬರೂ ಬಸ್‌ಸ್ಟ್ಯಾಂಡಿಗೆ ಹೊರಟರು. ಹಿಂದೆ ಬೀದಿಯೂ ಹೊರಟಿತು. ಶಾಂತಮಲ್ಲಪ್ಪ ಡಬ್ಬಿಯ ಮುಂದೆ ನಿಂತಾಗ ಇವತ್ತೂ ನಮಸ್ಕಾರ ಹಾಕಿ ಹಿಂದಿರುಗುತ್ತಾನೆ ಎಂದೇ ಎಲ್ಲರೂ ಅಂದುಕೊಂಡರು. ಬೇಗೂರಿನ ಬಸ್ಸಿಗೆ ಕಾಯುತ್ತಿದ್ದ ಮರಿತಾಯಮ್ಮ ಜನರನ್ನು ಸರಿಸಿಕೊಂಡು ನುಗ್ಗಿ ಬಂದಳು. ಕಾಗದ ಓದಿದ್ದನ್ನು ಬೀದಿಯಿಂದಲೇ ಕೇಳಿಸಿಕೊಂಡಿದ್ದ ಮೇಷ್ಟರು ಅವಳಿಗೆ ವಿಷಯ ಊದಿದ್ದರು.

"ಹಾಕ್ಬ್ಯಾಡ ಕಣ್ಲಾ! ಆಪೀಸರ್ಗೇ ನೋಟೀಸ್ ಕೊಟ್ಟಿಯಾ? ಕೆಲ್ಸ ಹೋಯ್ತದೆ ಕಣ್ಲಾ! ಇದು ನಿನ್ ಬುದ್ಧಿ ಅಲ್ಲ. ಯಾರ್ಲಾ ನಿಂಗ್ ಇದ್ನ ಯೋಳ್ಕೊಟ್ಟೋರು? ಅವ್ಳೇಯಾ? ಯೋಳ್ಲಾ, ಯಾರು?"

ಶಾಂತಮಲ್ಲಪ್ಪ ಲಕೋಟೆಯನ್ನು ಡಬ್ಬಿಯ ಬಾಯಿಗಿಟ್ಟ.

"ಯಾರು ಯೋಳ್ಕೊಟ್ರು ಅನ್ನದು ವಿಚಾರಾರ್ಹವಲ್ಲ ಕಣಕ್ಕಾ," ಎಂದು ಒಳಗೆ ತಳ್ಳಿದ.